ಸಿಂಕ್ ನಲ್ಲಿಗೆ ಏರೇಟರ್ ಹಾಕಿಸಿ, ಕರೆಂಟೂ ಉಳಿಯುತ್ತದೆ
ಅಡುಗೆಮನೆ ಸಿಂಕ್, ವಾಶ್ ಬೇಸಿನ್ ನಲ್ಲಿಗಳ ಬಾಯಿಗೆ ಏರೇಟರ್ ಅನ್ನೋ ಪುಟ್ಟ ಜಾಲರಿ ಮೂತಿ ಹಾಕಿಸಿ. ನೀರಿನ ಜೊತೆ ಗಾಳಿ ಬೆರೆಯುವುದರಿಂದ ಕಡಿಮೆ ನೀರಲ್ಲೇ ಪಾತ್ರೆ, ಕೈ ತೊಳೆಯಬಹುದು. ಹವಾಮಾನ ಬದಲಾವಣೆಗೂ ನಲ್ಲಿಗೂ ಏನು ಸಂಬಂಧ ಅಂತ ಕೇಳುವವರೇ ಜಾಸ್ತಿ. ಬೆಂಗಳೂರಲ್ಲಿ ಸಂಬಂಧ ನೇರವಾಗಿದೆ: ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ, ಮೂರು ಹಂತದ ಪಂಪಿಂಗ್‌ನಲ್ಲಿ ಸುಮಾರು 500 ಮೀಟರ್ ಮೇಲೆ ಹತ್ತಿ ಬರುತ್ತದೆ. ಅದಕ್ಕೆಲ್ಲ ಕರೆಂಟ್ ಬೇಕು ಅಲ್ವಾ? ಆ ಕರೆಂಟ್‌ನಲ್ಲಿ ಕಲ್ಲಿದ್ದಲಿನ ಪಾಲೂ ಇದೆ. ಹಾಗಾಗಿ ನೀರು ಉಳಿಸಿದರೆ ಪಂಪಿಂಗ್ ಕರೆಂಟೂ ಉಳಿಯುತ್ತದೆ; ಹವಾಮಾನದ ವಿಷಯ ಸರ್ಕಾರದ ಕೆಲಸ ಅಂತ ಬಿಡಬೇಡಿ. ಆದರೆ ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಸುಮ್ನೆ ದಂಡ. ಬಕೆಟ್‌ಗೆ ಅಷ್ಟೇ ನೀರು ಬೇಕು, ತುಂಬೋ ಹೊತ್ತು ಮಾತ್ರ ಜಾಸ್ತಿ. ಟ್ಯಾಂಕ್‌ಗೆ ತಾಗಿದಂತೆ ಕೆಳಗೇ ಇರುವ ಮೇಲಿನ ಮಹಡಿಯಲ್ಲಿ ನೀರಿನ ಒತ್ತಡ ಕಡಿಮೆಯಿದ್ದರೂ ಏರೇಟರ್ ಸರಿಬರುವುದಿಲ್ಲ. ಬೋರ್‌ವೆಲ್ ನೀರಾದರೆ ಜಾಲರಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಆಗಾಗ ಬಿಚ್ಚಿ, ವಿನೆಗರ್‌ನಲ್ಲಿ ನೆನೆಸಿ, ಹಳೇ ಬ್ರಷ್‌ನಿಂದ ಉಜ್ಜಿ.