ರುಸ್ತುಂ ಮಲಗಿದ್ದ, ಸಿಂಹ ಕೊಂದಿದ್ದು ಕುದುರೆ

ಪರ್ಷಿಯನ್ ಕವಿ ಫಿರ್ದೌಸಿಯ ಮಹಾಕಾವ್ಯ ಶಾಹನಾಮೆಯಲ್ಲಿ ವೀರ ರುಸ್ತುಂ ಮಾಜಂದರಾನ್‌ಗೆ ಹೋಗುವ ದಾರಿಯಲ್ಲಿ ಏಳು ಗಂಡಾಂತರ ದಾಟುತ್ತಾನೆ. ಅದನ್ನೇ ಮೊಬೈಲ್ ಗೇಮ್ ಮಾಡಲು ನಾವು ಐದು ಜನ ಹೊರಟೆವು. ಲೆವೆಲ್ ಡಿಸೈನ್ ನನ್ನ ಪಾಲಿಗೆ ಬಂತು. ನಾನು ಮಾಡಿದ ಮೊದಲ ಲೆವೆಲ್ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಮರಳು, ಒಂಟೆ, ಗುಮ್ಮಟ, ಮಿನಾರು, ಚಿಕ್ಕಂದಿನಲ್ಲಿ ಕಾರ್ಟೂನ್‌ಗಳಲ್ಲಿ ನೋಡಿದ್ದೆಲ್ಲ ತಂದು ಸುರಿದಿದ್ದೆ.

ಮೈಸೂರಿನಲ್ಲಿ ಓದುತ್ತಿದ್ದ ಇರಾನಿನ ವಿದ್ಯಾರ್ಥಿನಿಯೊಬ್ಬರಿಗೆ ತೋರಿಸಿದೆವು. ಎರಡು ನಿಮಿಷ ಆಡಿದರು. "ಇದು ಯಾವ ಊರು?" ಅಂತ ಕೇಳಿದರು. ಕಥೆ ಇಸ್ಲಾಂ ಬರುವುದಕ್ಕಿಂತ ಎಷ್ಟೋ ಹಿಂದಿನ ರಾಜರದ್ದು, ಇದರಲ್ಲಿ ಮಿನಾರಿಗೇನು ಕೆಲಸ? ಇವತ್ತು ಮಾಜಂದರಾನ್ ಹೆಸರಿನ ಪ್ರಾಂತ್ಯ ಇರುವುದು ಕ್ಯಾಸ್ಪಿಯನ್ ಸಮುದ್ರದ ಪಕ್ಕ. ಅಲ್ಲಿ ಕಾಡು, ಮಳೆ, ಭತ್ತದ ಗದ್ದೆ, ಹೆಚ್ಚುಕಡಿಮೆ ನಮ್ಮ ಮಲೆನಾಡೇ. ಮರಳುಗಾಡು ಬೇಕೇ ಬೇಕಾದರೆ ಎರಡನೇ ಗಂಡಾಂತರದಲ್ಲಿದೆ, ಬಾಯಾರಿ ಬಿದ್ದ ರುಸ್ತುಂಗೆ ಒಂದು ಟಗರು ನೀರಿನ ದಾರಿ ತೋರಿಸುವ ಜಾಗದಲ್ಲಿ. ಮಿನಾರು ಅಳಿಸುವುದಕ್ಕೆ ಅರ್ಧ ದಿನ ಸಾಕಾಯಿತು.

ನಿಜವಾದ ತಪ್ಪು ಬೇರೆ ಕಡೆ ಇತ್ತು. ಮೊದಲ ಗಂಡಾಂತರ ಸಿಂಹ. ನಾನು ಸುಮ್ನೆ ರುಸ್ತುಂ ಕೈಗೆ ಗದೆ ಕೊಟ್ಟು ಹೊಡೆಯಲು ಬಿಟ್ಟಿದ್ದೆ. ಮೂಲದಲ್ಲಿ ಅವನು ಜೊಂಡಿನ ನಡುವೆ ಗೊರಕೆ ಹೊಡೆಯುತ್ತಿರುತ್ತಾನೆ, ಸಿಂಹವನ್ನು ತುಳಿದು ಕಚ್ಚಿ ಸಾಯಿಸುವುದು ಅವನ ಕುದುರೆ ರಖ್ಶ್! ಎದ್ದವನು ಶಭಾಷ್ ಅನ್ನುತ್ತಾನಾ, ಇಲ್ಲ. ನನ್ನನ್ನು ಯಾಕೆ ಎಬ್ಬಿಸಲಿಲ್ಲ ಅಂತ ಬೈಯುತ್ತಾನೆ. ಮೂರನೇ ಗಂಡಾಂತರದಲ್ಲಿ ಡ್ರ್ಯಾಗನ್ ಬಂದಾಗ ಪಾಪದ ಕುದುರೆ ಎಬ್ಬಿಸಿದರೆ, ಅಷ್ಟರಲ್ಲಿ ಡ್ರ್ಯಾಗನ್ ಮಾಯ, ಎರಡನೇ ಸಲವೂ ಹಾಗೇ ಆದಾಗ ತಲೆ ಕತ್ತರಿಸುತ್ತೇನೆ ಅಂತ ಹೆದರಿಸುತ್ತಾನೆ. ಎಬ್ಬಿಸಿದರೂ ಬೈಗುಳ, ಎಬ್ಬಿಸದಿದ್ದರೂ ಬೈಗುಳ.

ಹಾಗಾಗಿ ಆ ಎರಡು ಲೆವೆಲ್ಲುಗಳಲ್ಲಿ ಆಟಗಾರನನ್ನೇ ಕುದುರೆ ಮಾಡಿದೆ. ರುಸ್ತುಂ ಮಲಗಿದ ತಕ್ಷಣ ಗದೆಯ ಬಟನ್ ಹೋಗಿ ಗೊರಸಿನದು, ಹಲ್ಲಿನದು ಬರುತ್ತವೆ. ಟೆಸ್ಟ್ ಮಾಡಿದ ಹುಡುಗರು ಫೋನ್ ಹ್ಯಾಂಗ್ ಆಯಿತು ಅಂದುಕೊಂಡು ಸ್ಕ್ರೀನ್ ಕುಟ್ಟಿದರು. ಆಮೇಲೆ ಜೊಂಡು ಅಲುಗಾಡುವಾಗ ರಖ್ಶ್‌ನ ಕಿವಿ ಮಾತ್ರ ಆ ಕಡೆ ತಿರುಗುವಂತೆ ಮಾಡಿದೆ. ಎಲ್ಲರಿಗೂ ಅರ್ಥವಾಯಿತು. ಆ ಕಿವಿಗೆ ಮೂರು ದಿನ ಹಿಡಿಯಿತು, ಇಡೀ ಗೇಮ್‌ನಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದೂ ಅದೇ.

ಏಳನೇ ಗಂಡಾಂತರದಲ್ಲಿ ರುಸ್ತುಂ ಕೊಲ್ಲುವ ಬಿಳಿ ರಾಕ್ಷಸನ ವಿಷಯದಲ್ಲಿ ಜಗಳವೇ ಆಯಿತು. ಪದ್ಯದಲ್ಲಿ ಅವನ ಮುಖ ಕಪ್ಪು, ಕೂದಲು ಮಾತ್ರ ಹಾಲಿನ ಹಾಗೆ. ಹಳೆಯ ಚಿತ್ರಗಳಲ್ಲಿ ಮೈಯೆಲ್ಲ ಬಿಳಿ. ನಾನು ಪದ್ಯದ ಕಡೆ, ನಮ್ಮ ಆರ್ಟಿಸ್ಟ್ ಚಿತ್ರದ ಕಡೆ. ಕೊನೆಗೆ ಪದ್ಯದ ಪ್ರಕಾರವೇ ಮಾಡಿದೆವು. ಕತ್ತಲ ಗುಹೆಯಲ್ಲಿ ಬರೀ ಕೂದಲು ಕಾಣಿಸಿದರೆ ಭಯ ಜಾಸ್ತಿ, ಅಲ್ವಾ?

2024ರಲ್ಲಿ ಬಂದ ಪ್ರಿನ್ಸ್ ಆಫ್ ಪರ್ಷಿಯಾ ಗೇಮ್‌ನಲ್ಲಿ ಪಾತ್ರಗಳು ಪರ್ಷಿಯನ್‌ನಲ್ಲೇ ಮಾತಾಡುವ ಆಯ್ಕೆ ಇತ್ತು. ನಮಗೆ ಅಷ್ಟು ದುಡ್ಡಿಲ್ಲ, ಅಕ್ಷರವನ್ನಾದರೂ ಹಾಕೋಣ ಅಂದುಕೊಂಡೆವು. ಬಲದಿಂದ ಎಡಕ್ಕೆ ಬರೆಯುವ ಪರ್ಷಿಯನ್ ಲಿಪಿಯಲ್ಲಿ ರುಸ್ತುಂ ಹೆಸರು ಟೈಪ್ ಮಾಡಿದರೆ ಕೂಡಿಕೊಳ್ಳಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ, ಅದೂ ಎಡದಿಂದ ಬಲಕ್ಕೆ ಬಂದವು. ನೋಡಿ ಆ ಇರಾನಿನ ವಿದ್ಯಾರ್ಥಿನಿ ಬಿದ್ದು ಬಿದ್ದು ನಕ್ಕರು. ಒಂದು ವಾರ ಕೂತು ಸರಿ ಮಾಡಿದೆ. ಆಮೇಲೆ ಕನ್ನಡದ ಆವೃತ್ತಿ ತೆರೆದರೆ, ಒತ್ತು ಕಳಚಿಕೊಂಡು 'ರುಸ್‌ತುಂ' ಅಂತಿತ್ತು.