ತೇವ ಹಿಡಿದ ಹಳೇ ಗೋಡೆಗೆ ಸಿಮೆಂಟ್ ಬೇಡ, ಸುಣ್ಣ ಸಾಕು

ಪಾಳುಬಿದ್ದ ಹಳೇ ಕಟ್ಟಡ ಉಳಿಸಲು ಹೊರಟ ಸ್ವಯಂಸೇವಕರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಸಿಮೆಂಟ್ ಚೀಲ ತರುತ್ತಾರೆ, ಉದುರಿದ ಕಡೆಯೆಲ್ಲ ಮೆತ್ತುತ್ತಾರೆ, ಬಣ್ಣ ಹೊಡೆದು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದೆರಡು ಮಳೆಗಾಲ ಕಳೆದರೆ ಆ ಗಾರೆ ಹಿಂದಿದ್ದ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಸುಣ್ಣದ ಗಾರೆಯ ಗೋಡೆ ಹೀರಿದ ನೀರನ್ನು ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿಬಿಡುತ್ತದೆ.

ಮೊದಲು ಅನುಮತಿ ಪಡೆಯಿರಿ, ಗೋಡೆ ಗೋಡೆಯ ಫೋಟೊ ತೆಗೆಯಿರಿ. ಆಮೇಲೆ ನೀರು ಎಲ್ಲಿಂದ ಬರುತ್ತಿದೆ ನೋಡಿ: ಒಡೆದ ಹೆಂಚು, ಕಸ ಕಟ್ಟಿದ ಮಳೆನೀರಿನ ಪೈಪು, ಗೋಡೆಯಲ್ಲಿ ಬೇರುಬಿಟ್ಟ ಗಿಡ, ಒಳನೆಲಕ್ಕಿಂತ ಎತ್ತರವಾದ ಹೊರಗಿನ ಮಣ್ಣು. ಇವು ಸರಿಯಾಗುವ ತನಕ ಗೋಡೆ ಮುಟ್ಟಬೇಡಿ.

ಹಳೇ ಸಿಮೆಂಟನ್ನು ಉಳಿ, ಸುತ್ತಿಗೆಯಿಂದಲೇ ತೆಗೆಯಿರಿ. ಮೆಷಿನ್ ಹಿಡಿದರೆ ಇಟ್ಟಿಗೆಯೂ ಹೋಗುತ್ತದೆ. ಗೋಡೆ ಮೇಲೆ ಬಿಳಿ ಉಪ್ಪು ಕಂಡರೆ ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ. ತೊಳೆಯಲು ಹೋಗಬೇಡಿ, ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಇನ್ನು ಒಣಗಲು ಬಿಡಿ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಅಂದಾಜು ಲೆಕ್ಕ. ದಪ್ಪ ಗೋಡೆಗೆ ವರ್ಷವೇ ಹಿಡಿದೀತು. ಹೀಟರ್ ಇಟ್ಟು ಅವಸರ ಮಾಡಿದರೆ ಬಿರುಕು ಬಿಡುತ್ತದೆ. ತೇವ ತಡೆಯುತ್ತದೆ ಎಂದು ಡಬ್ಬದಲ್ಲಿ ಮಾರುವ ಲೇಪನವಂತೂ ಬೇಡವೇ ಬೇಡ. ಅದು ನೀರನ್ನು ಗೋಡೆಯೊಳಗೇ ಕೂಡಿಹಾಕುತ್ತದೆ, ಅಷ್ಟೇ.

ಈಗ ಗಾರೆ. ಕೆಲಸ ಕೆಡುವುದು ಇಲ್ಲೇ.

ಸುಟ್ಟ ಸುಣ್ಣದ ಕಲ್ಲನ್ನು ನೀರು ಹಾಕಿ ಅರಳಿಸುವುದು ಅನುಭವ ಇದ್ದವರ ಕೆಲಸ. ನೀರು ಕೊತಕೊತ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಅರಳಿಸಿ ತಿಂಗಳುಗಟ್ಟಲೆ ನೀರಿನಡಿ ಕೂತ ಸುಣ್ಣವನ್ನೇ ತನ್ನಿ. ಅದನ್ನು ಕಲಸುವಾಗಲೂ ಕನ್ನಡಕ, ಗ್ಲೌಸ್ ಇರಲಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮಣ್ಣಿಲ್ಲದ, ತರಿತರಿ ಮರಳು. ಗಟ್ಟಿ ಅನಿಸಿತು ಎಂದು ಸುಮ್ನೆ ನೀರು ಸುರಿಯಬೇಡಿ. ಕುಟ್ಟಿ, ತುಳಿದು ಕಲಸುತ್ತಾ ಹೋದರೆ ತಾನೇ ಮೆದುವಾಗುತ್ತದೆ. ಕರಣೆಯ ಮೇಲಿಟ್ಟು ತಲೆಕೆಳಗೆ ಮಾಡಿದಾಗ ಅಂಟಿಕೊಂಡೇ ಇದ್ದರೆ ಹದ ಬಂದಿದೆ ಎಂದರ್ಥ. ನೀರು ಜಾಸ್ತಿಯಾದ ಗಾರೆ ಒಣಗುವಾಗ ಕುಗ್ಗಿ ಸೀಳುತ್ತದೆ. ಬೇಗ ಗಟ್ಟಿಯಾಗಲಿ ಎಂದು ಒಂದು ಬೊಗಸೆ ಸಿಮೆಂಟ್ ಸೇರಿಸುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಬೇರೆ ಕೆಲಸ ಕೊಡಿ.

ಹಿಂದಿನ ಸಂಜೆ ಗೋಡೆಗೆ ನೀರು ಚಿಮುಕಿಸಿ, ಬೆಳಗ್ಗೆ ಇನ್ನೊಮ್ಮೆ. ಒದ್ದೆಯಾಗಿರಬೇಕು, ನೀರು ಹರಿಯಬಾರದು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಆಳದ ಕುಳಿಗಳನ್ನು ಮೊದಲೇ ಇಟ್ಟಿಗೆ ಚೂರು, ಗಾರೆ ಸೇರಿಸಿ ತುಂಬಿರಿ. ಗಾರೆಯನ್ನು ಸವರಬೇಡಿ, ಗೋಡೆಗೆ ಬೀಸಿ ಎಸೆಯಿರಿ. ಒಂದು ಪದರ 10 ಮಿಲಿಮೀಟರ್ ದಾಟದಿರಲಿ. ಮೈಗೆ ಗೀರು ಹಾಕಿ ಬಿಡಿ. ಹೆಬ್ಬೆರಳು ಒತ್ತಿದರೆ ತಗ್ಗು ಬೀಳದೆ, ಉಗುರಿನಿಂದ ಮಾತ್ರ ಗೀಚಲು ಬಂದಾಗ ಎರಡನೇ ಪದರ ಹಾಕಿ. ಸಣ್ಣ ಬಿರುಕು ಕಂಡರೆ ಮರದ ಹಲಗೆಯಿಂದ ಉಜ್ಜಿ ಒತ್ತಿ. ಉಕ್ಕಿನ ಕರಣೆಯಿಂದ ನುಣುಪು ಮಾಡುವ ಆಸೆ ನನಗಂತೂ ಹಿಡಿಸುವುದಿಲ್ಲ. ಅದು ಗಾರೆಯ ರಂಧ್ರ ಮುಚ್ಚುತ್ತದೆ.

ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಅದಕ್ಕೆ ತೇವ ಬೇಕು. ಒದ್ದೆ ಗೋಣಿಚೀಲಗಳನ್ನು ಗೋಡೆಗೆ ತಾಗದಂತೆ ಮುಂದೆ ನೇತುಹಾಕಿ, ಕನಿಷ್ಠ ಒಂದು ವಾರ ದಿನಕ್ಕೆ ಮೂರ್ನಾಲ್ಕು ಬಾರಿ ನೀರು ಸಿಂಪಡಿಸಿ. ಭಾನುವಾರ ಮಾತ್ರ ಬರುವ ತಂಡಕ್ಕೆ ಇದೇ ಕಷ್ಟ, ಅಲ್ವಾ? ನೀರು ಹಾಕುವವರ ಪಾಳಿ ಬರೆದಿಟ್ಟ ಮೇಲೆಯೇ ಗಾರೆ ಕಲಸಿ.

ಕೊನೆಗೆ ತೆಳು ಸುಣ್ಣ, ನಾಲ್ಕೈದು ಸಲ. ಯಾರಾದರೂ ಪ್ಲಾಸ್ಟಿಕ್ ಎಮಲ್ಷನ್ ಬಣ್ಣದ ಡಬ್ಬ ದಾನ ಕೊಟ್ಟರೆ ಥ್ಯಾಂಕ್ಸ್ ಹೇಳಿ, ಬೇರೆ ಕಟ್ಟಡಕ್ಕೆ ಕಳಿಸಿಬಿಡಿ.