ಸ್ಪೆಕಲ್ ತೆಗೆಯಲು ಹೋಗಿ ಗಂಟಿನ ಅಂಚನ್ನೇ ಅಳಿಸಿದ್ದೆ

ಸ್ತನದ ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಗಂಟಿನ ಅಂಚು ಹುಡುಕುವುದು ನನ್ನ ಕೆಲಸವಾಗಿತ್ತು. ಈಜಿಪ್ಟಿನ ಕೈರೋದಲ್ಲಿ ಸಂಗ್ರಹಿಸಿ 2020ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ 780 ಚಿತ್ರಗಳ ಡೇಟಾಸೆಟ್ ಇದೆ, ಅದನ್ನೇ ಇಳಿಸಿಕೊಂಡೆ. ಚಿತ್ರದ ತುಂಬಾ ರವೆ ಚೆಲ್ಲಿದ ಹಾಗೆ ಕಾಳು ಕಾಳು, ಇದಕ್ಕೇ ಸ್ಪೆಕಲ್ ಅಂತಾರೆ. ಪೈಥಾನ್‌ನಲ್ಲಿ 3×3 ಮೀಡಿಯನ್ ಫಿಲ್ಟರ್ ಹಾಕಿದೆ (ಪ್ರತಿ ಪಿಕ್ಸೆಲ್ ಸುತ್ತ 3×3ರ ಕಿಟಕಿ ಇಟ್ಟು, ಅದರೊಳಗಿನ ಬೆಲೆಗಳಲ್ಲಿ ನಡುವಿನದನ್ನು ಆ ಪಿಕ್ಸೆಲ್ಲಿಗೆ ಕೊಡುವುದು), ಏನೂ ಬದಲಾಗಲಿಲ್ಲ. 9×9 ಹಾಕಿದೆ, ಕಾಳಿನ ಜೊತೆ ಅಂಚೂ ಕರಗಿಹೋಯಿತು.

ಯಾಕೆ ಅಂತ ತಿಳಿಯೋಕೆ ದಿನಗಳೇ ಹಿಡಿದವು. ಸ್ಪೆಕಲ್ ಒಂದೊಂದು ಪಿಕ್ಸೆಲ್‌ನಲ್ಲಿ ಬಿಡಿಬಿಡಿಯಾಗಿ ಬರುವ ಗದ್ದಲ ಅಲ್ಲ. ಅಂಗಾಂಶದೊಳಗೆ ಯಂತ್ರಕ್ಕೆ ಬೇರೆ ಬೇರೆಯಾಗಿ ಕಾಣದಷ್ಟು ಸಣ್ಣ ಕಣಗಳಿರುತ್ತವೆ, ಒಂದೊಂದೂ ತನ್ನದೇ ಪ್ರತಿಧ್ವನಿ ಕಳಿಸುತ್ತದೆ. ಕೆರೆಗೆ ಒಂದು ಹಿಡಿ ಕಲ್ಲು ಎಸೆದರೆ ಅಲೆಗಳು ಕೆಲವು ಕಡೆ ಸೇರಿ ಎತ್ತರವಾಗುತ್ತವೆ, ಕೆಲವು ಕಡೆ ಒಂದನ್ನೊಂದು ಕೊಂದುಕೊಳ್ಳುತ್ತವೆ ಅಲ್ವಾ, ಇಲ್ಲೂ ಹಾಗೆಯೇ ಆಗಿ ಬಿಳಿ ಕಪ್ಪು ಕಾಳು ಹುಟ್ಟುತ್ತದೆ. ಒಂದು ಕಾಳು ಹಲವು ಪಿಕ್ಸೆಲ್ ಅಗಲ ಇರುತ್ತದೆ. ಕಾಳಿಗಿಂತ ಸಣ್ಣ ಕಿಟಕಿ ಇಟ್ಟರೆ ಫಿಲ್ಟರ್‌ಗೆ ಅದು ಗದ್ದಲ ಅಂತಲೇ ಅನಿಸುವುದಿಲ್ಲ.

ಆಮೇಲೆ ಲೀ ಫಿಲ್ಟರ್ ಹಿಡಿದೆ. ಇದು 1980ರಲ್ಲಿ ಬಂದದ್ದು, ರೇಡಾರ್ ಚಿತ್ರಗಳಲ್ಲಿ ತುಂಬಾ ಬಳಸುತ್ತಾರೆ. ಪ್ರಕಾಶ ಜಾಸ್ತಿ ಇದ್ದ ಕಡೆ ಗದ್ದಲವೂ ಜಾಸ್ತಿ ಇರುತ್ತದೆ ಎಂಬ ಲೆಕ್ಕದ ಮೇಲೆ ಅದು ನಿಂತಿದೆ. ನನ್ನ ಚಿತ್ರದಲ್ಲಿ ಬಿಳಿ ಜಾಗ ಅತಿಯಾಗಿ ನಯವಾಯಿತು, ಕಪ್ಪು ಜಾಗ ಇದ್ದ ಹಾಗೇ ಉಳಿಯಿತು. ತಪ್ಪು ಫಿಲ್ಟರ್‌ನದ್ದಲ್ಲ. ಪ್ರತಿಧ್ವನಿಯ ಬಲದಲ್ಲಿ ಸಾವಿರಾರು ಪಟ್ಟು ಏರುಪೇರು ಇರುವುದರಿಂದ, ಪರದೆಗೆ ಹಾಕುವ ಮೊದಲೇ ಯಂತ್ರ ಅದರ ಲಾಗ್ (ಲಾಗರಿದಮ್) ತೆಗೆದು ಕುಗ್ಗಿಸಿರುತ್ತದೆ. ಲಾಗ್ ಆದಮೇಲೆ ಗುಣಾಕಾರ ಸಂಕಲನವಾಗುತ್ತದೆ, ಗದ್ದಲ ಬಿಳಿಯಲ್ಲೂ ಕಪ್ಪಿನಲ್ಲೂ ಹೆಚ್ಚುಕಮ್ಮಿ ಒಂದೇ ಅಳತೆಯದಾಗುತ್ತದೆ. ನಾನು ಇದನ್ನು ನೋಡದೆ ಸುಮ್ನೆ ಫಿಲ್ಟರ್ ಮೇಲೆ ಫಿಲ್ಟರ್ ಬದಲಾಯಿಸುತ್ತಿದ್ದೆ.

ಈಗ ಯಾವ ಚಿತ್ರ ಬಂದರೂ ಮೊದಲು ಲಾಗ್ ಬಿಚ್ಚುತ್ತೇನೆ. ಪಿಕ್ಸೆಲ್ ಬೆಲೆಯನ್ನು 255ರಿಂದ ಭಾಗಿಸಿ, ಡೈನಾಮಿಕ್ ರೇಂಜ್‌ನಿಂದ ಗುಣಿಸಿ, 20ರಿಂದ ಭಾಗಿಸಿ, 10 ಅನ್ನು ಬಂದ ಸಂಖ್ಯೆಯ ಘಾತಕ್ಕೆ ಏರಿಸುವುದು, ಅಷ್ಟೇ. ಡೈನಾಮಿಕ್ ರೇಂಜ್ ಅಂದ್ರೆ ಯಂತ್ರ ಪರದೆಯಲ್ಲಿ ತೋರಿಸುವ ಅತಿ ಬಲದ ಮತ್ತು ಅತಿ ಕ್ಷೀಣ ಪ್ರತಿಧ್ವನಿಗಳ ನಡುವಿನ ಅಂತರ. ಅದು ಎಷ್ಟು ಎಂದು ಚಿತ್ರದಲ್ಲಿ ಬರೆದಿರುವುದಿಲ್ಲ, ನಾನು 60 ಡೆಸಿಬಲ್‌ನಿಂದ ಶುರು ಮಾಡುತ್ತೇನೆ. ಆಮೇಲೆ ಒಂದೇ ತರದ ಅಂಗಾಂಶ ಇರುವ ಚಿಕ್ಕ ಚೌಕ ಆರಿಸಿ, ಅದರ ಬೆಲೆಗಳ ಸರಾಸರಿಯನ್ನು ಅವು ಎಷ್ಟು ಚದುರಿವೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿ ನೋಡುತ್ತೇನೆ. ಪೂರ್ತಿ ಬೆಳೆದ ಸ್ಪೆಕಲ್ (ತುಂಬಾ ಕಣಗಳ ಪ್ರತಿಧ್ವನಿ ಬೆರೆತು ಹುಟ್ಟಿದ್ದು) ಆಗಿದ್ದರೆ 1.91ರ ಆಸುಪಾಸು ಬರಬೇಕು. ಯಂತ್ರ ತಾನೇ ಒಳಗೆ ಒಂದಿಷ್ಟು ನಯ ಮಾಡಿದ್ದರೆ ಅದಕ್ಕಿಂತ ಜಾಸ್ತಿ ಬರುತ್ತದೆ, ಗಾಬರಿ ಬೇಡ. ತೀರಾ ಕಮ್ಮಿ ಬಂದರೆ ರೇಂಜ್ ಜಾಸ್ತಿ ಊಹಿಸಿದ್ದೇನೆ, ಇಲ್ಲವೇ ಚೌಕದೊಳಗೆ ಎರಡು ತರದ ಅಂಗಾಂಶ ಸೇರಿಕೊಂಡಿದೆ ಎಂದರ್ಥ. ಐದು ನಿಮಿಷದ ಕೆಲಸ, ಆದರೆ ನನ್ನ ಎಷ್ಟೋ ವಾರ ಉಳಿಸಿದ ಕೆಲಸ.

ಲಾಗ್ ಬಿಚ್ಚಿದ ಚಿತ್ರದ ಮೇಲೆ ಯು ಮತ್ತು ಆಕ್ಟನ್ ಎಂಬ ಸಂಶೋಧಕರು 2002ರಲ್ಲಿ ಕೊಟ್ಟ, ಸ್ಪೆಕಲ್ ತಗ್ಗಿಸುವ ಎಸ್‌ಆರ್‌ಎಡಿ ಓಡಿಸಿದೆ. ಅಂಚು ಸಿಕ್ಕ ಕಡೆ ನಿಂತು, ಬಯಲು ಸಿಕ್ಕ ಕಡೆ ಹರಡುವ ವಿಧಾನ ಅದು. ಇನ್ನೂರು ಸುತ್ತು ಓಡಿಸಿದಾಗ ಬಂದ ಚಿತ್ರ ಎಷ್ಟು ಚೆಂದ ಇತ್ತು ಅಂದ್ರೆ, ಖುಷಿಯಿಂದ ನನಗೆ ಪರಿಚಯದ ರೇಡಿಯಾಲಜಿಸ್ಟ್ ಒಬ್ಬರಿಗೆ ತೋರಿಸಿದೆ. ಅವರು ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ, "ಮೂಲದಲ್ಲಿ ಈ ಅಂಚು ಮುಳ್ಳುಮುಳ್ಳಾಗಿದೆ ನೋಡಿ, ನಿಮ್ಮದರಲ್ಲಿ ದುಂಡಗಾಗಿದೆ. ಮುಳ್ಳು ಕಂಡರೆ ನಾನು ಬಯಾಪ್ಸಿಗೆ ಕಳಿಸ್ತೀನಿ, ದುಂಡಗಿದ್ರೆ ಅಷ್ಟು ಅನುಮಾನ ಪಡಲ್ಲ" ಅಂದರು. ಆ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು. ನಾನು ಅಳಿಸಿದ್ದು ಗದ್ದಲವನ್ನಲ್ಲ, ಒಬ್ಬ ಹೆಂಗಸಿನ ರೋಗದ ಗುರುತನ್ನು.

ಅಲ್ಲಿಂದ ಪಿಎಸ್‌ಎನ್‌ಆರ್ ನಂಬುವುದು ಬಿಟ್ಟೆ, ಅಂದರೆ ಫಿಲ್ಟರ್ ಆದ ಚಿತ್ರ ಗದ್ದಲ ಸೇರಿಸುವ ಮೊದಲಿನ ಚಿತ್ರಕ್ಕೆ ಎಷ್ಟು ಹತ್ತಿರ ಎಂದು ಹೇಳುವ ಅಂಕವನ್ನು. ಮೊದಲೇ ಸ್ಪೆಕಲ್ ಇರುವ ಚಿತ್ರಕ್ಕೆ ಕೃತಕ ಗದ್ದಲ ಸೇರಿಸಿ, ಅದನ್ನು ತೆಗೆದು, ಅಂಕ ಜಾಸ್ತಿ ಬಂತು ಎಂದು ಬರೆಯುವುದರಿಂದ ರೋಗಿಗೆ ಏನೂ ಉಪಯೋಗವಿಲ್ಲ. ಅದರ ಬದಲು ಮೂಲ ಚಿತ್ರವನ್ನು ಫಿಲ್ಟರ್ ಆದ ಚಿತ್ರದಿಂದ ಭಾಗಿಸಿ ಬಂದದ್ದನ್ನು ನೋಡುತ್ತೇನೆ. ಅದರಲ್ಲಿ ಬರೀ ಕಾಳು ಕಾಣಬೇಕು. ಗಂಟಿನ ಆಕಾರ ಮಸುಕಾಗಿ ಕಂಡರೂ ಸಾಕು, ಅಂಚು ತಿಂದಿದ್ದೇನೆ ಎಂದು ಗೊತ್ತಾಗುತ್ತದೆ, ಸುತ್ತು ಕಮ್ಮಿ ಮಾಡುತ್ತೇನೆ. ಇನ್ನೂರು ಸುತ್ತು ಈಗ ನಲವತ್ತರ ಹತ್ತಿರ ಬಂದು ನಿಂತಿದೆ. ಕೆಲವು ಚಿತ್ರಗಳಲ್ಲಿ ಅಳತೆ ಗುರುತು, ಅಕ್ಷರ ಎಲ್ಲ ಅಚ್ಚಾಗಿವೆ, ಫಿಲ್ಟರ್ ಅವನ್ನೂ ಅಂಚು ಎಂದುಕೊಳ್ಳುತ್ತದೆ, ಹಾಗಾಗಿ ಅವನ್ನು ಮೊದಲೇ ಮುಚ್ಚಿಡಬೇಕು.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಗಂಟಿನೊಳಗೆ ಸುಣ್ಣ ಕಟ್ಟಿದ ಸಣ್ಣ ಬಿಳಿ ಚುಕ್ಕೆಗಳು ಸ್ಪೆಕಲ್ ಕಾಳಿನಷ್ಟೇ ಗಾತ್ರದವು, ಎಷ್ಟು ಹುಷಾರಾಗಿ ಓಡಿಸಿದರೂ ಕೆಲವು ಹೋಗಿಬಿಡುತ್ತವೆ. ಅದಕ್ಕೆ ಫಿಲ್ಟರ್ ಆದ ಚಿತ್ರವನ್ನು ಕಂಪ್ಯೂಟರ್‌ಗೆ ಅಂಚು ಹುಡುಕಲು ಮಾತ್ರ ಕೊಡುತ್ತೇನೆ, ಸಿಕ್ಕ ಅಂಚನ್ನು ಮೂಲ ಚಿತ್ರದ ಮೇಲೆ ಬರೆದು ಡಾಕ್ಟರಿಗೆ ತೋರಿಸುತ್ತೇನೆ.